ಮಾರಬೇಡಿ ಎಂದು ಬರೆದದ್ದನ್ನು ಮಾರಬಹುದೇ?

ಜಪಾನಿನ ಅನಿಮೇಷನ್ ಚಿತ್ರ, ಸರಣಿಗಳಿಗೆ, ಅಂದರೆ ಅನಿಮೆಗೆ, ಅಭಿಮಾನಿಗಳೇ ಕೂತು ಸಬ್‌ಟೈಟಲ್ ಬರೆದು ಹಂಚಿದರೆ ಅದಕ್ಕೆ ಫ್ಯಾನ್‌ಸಬ್ ಅಂತಾರೆ. ಸುಮ್ನೆ ಹಂಚುವುದು ಒಂದು, ದುಡ್ಡಿಗೆ ಮಾರುವುದು ಇನ್ನೊಂದು. ಮಾರುವುದು ಸರಿಯೇ ಅನ್ನುವ ಪ್ರಶ್ನೆಗೆ ಎರಡೂ ಕಡೆಯಿಂದ ನಾನೇ ಬರೆದಿದ್ದೇನೆ. ಮೊದಲನೆಯದು ಕಾಲೇಜಿನಲ್ಲಿದ್ದಾಗ ನಾನು ಗೆಳೆಯರ ಜೊತೆ ಜಗಳವಾಡಿ ಹಿಡಿದಿದ್ದ ಪಕ್ಷ, ಆಮೇಲಿನ ಉದಾಹರಣೆಗಳನ್ನೂ ಸೇರಿಸಿ ಬರೆದದ್ದು. ಅದರಲ್ಲಿ ಈಗಲೂ ಸರಿ ಅನಿಸುವ ಮಾತುಗಳಿವೆ, ಹಾಗಾಗಿ ಬೇಕೆಂದೇ ಸಪ್ಪೆ ಮಾಡಿ ಬರೆದಿಲ್ಲ. ಎರಡನೆಯದು ನಾನು ಈಗ ನಿಂತಿರುವ ಜಾಗ.

ಪರ: ದುಡಿದವರಿಗೆ ಕೂಲಿ ಬೇಡವೇ?

1990ರ ದಶಕದ ಅಮೆರಿಕವನ್ನು ನೆನೆಸಿಕೊಳ್ಳಿ. ಒಂದು ಅನಿಮೆಗೆ ಸಬ್‌ಟೈಟಲ್ ಹಾಕಬೇಕು ಅಂದರೆ ಮೊದಲು ಜಪಾನಿನಿಂದ ಲೇಸರ್ ಡಿಸ್ಕ್ ತರಿಸಬೇಕು. ಜಪಾನಿ ಭಾಷೆ ಬಲ್ಲವರೊಬ್ಬರು ಸಿಗಬೇಕು. ಅವರು ಕೇಳಿ, ನಿಲ್ಲಿಸಿ, ಮತ್ತೆ ಕೇಳಿ ಅನುವಾದ ಬರೆಯಬೇಕು. ಆಮೇಲೆ ಅಮಿಗಾ ಕಂಪ್ಯೂಟರ್ ಬೇಕು, ಅದರ ಜೊತೆಗೆ ಜೆನ್‌ಲಾಕ್ ಅನ್ನುವ ಸಾಧನ ಬೇಕು. ಡಿಸ್ಕಿನಿಂದ ಓಡುವ ಚಿತ್ರದ ಮೇಲೆ ಕಂಪ್ಯೂಟರಿನ ಅಕ್ಷರ ಕೂರಿಸುವುದು ಅದರ ಕೆಲಸ. ಪಾತ್ರ ಬಾಯಿ ತೆರೆದ ಕ್ಷಣಕ್ಕೆ ಸಾಲು ಬರಬೇಕು, ಮುಚ್ಚಿದ ಕ್ಷಣಕ್ಕೆ ಹೋಗಬೇಕು. ಹೀಗೆ ಒಂದು ಮಾಸ್ಟರ್ ಟೇಪ್ ತಯಾರಾಗುತ್ತಿತ್ತು. ನೋಡಬೇಕು ಅನ್ನುವವರು ಖಾಲಿ ವಿಎಚ್‌ಎಸ್ ಟೇಪನ್ನೂ ವಾಪಸ್ ಕಳಿಸುವ ಅಂಚೆ ಖರ್ಚನ್ನೂ ಕಳಿಸಿದರೆ, ಅದರಲ್ಲಿ ಪ್ರತಿ ಮಾಡಿ ಕಳಿಸುತ್ತಿದ್ದರು.

ಇಷ್ಟು ಮಾಡಿದವರಿಗೆ ಕೈಗೆ ಬಂದದ್ದು ಏನೂ ಇಲ್ಲ. ಡಿಸ್ಕಿನ ದುಡ್ಡು, ಯಂತ್ರದ ದುಡ್ಡು ಎಲ್ಲ ಅವರದೇ ಜೇಬಿನಿಂದ. ಒಂದು ಟೇಪಿಗೆ ಎರಡು ಡಾಲರ್ ಜಾಸ್ತಿ ತೆಗೆದುಕೊಂಡರೆ ಅದು ಕಳ್ಳತನ ಹೇಗಾಗುತ್ತದೆ? ಭಾಷೆ ಕಲಿತು, ರಾತ್ರಿ ನಿದ್ದೆಗೆಟ್ಟು ದುಡಿದವರಿಗೆ ‘ನಿನ್ನ ಪ್ರೀತಿಯೇ ನಿನ್ನ ಸಂಬಳ’ ಅನ್ನುವುದು ನನಗೆ ಒಪ್ಪಿಗೆಯಾಗುತ್ತಿರಲಿಲ್ಲ.

ಕಂಪನಿಗೆ ನಷ್ಟ ಅಲ್ವಾ ಅಂತೀರಿ. ಕಂಪನಿ ಮಾರುತ್ತಿದ್ದರೆ ತಾನೇ ನಷ್ಟ? ‘ಲೆಜೆಂಡ್ ಆಫ್ ದಿ ಗ್ಯಾಲಕ್ಟಿಕ್ ಹೀರೋಸ್’ ಎಂಬ 110 ಕಂತುಗಳ ಸರಣಿ ಜಪಾನಿನಲ್ಲಿ 1988ರಿಂದ 1997ರವರೆಗೆ ಬಂತು. ಅದು ಅಧಿಕೃತ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಅಮೆರಿಕದ ವೀಕ್ಷಕರಿಗೆ ಸಿಕ್ಕಿದ್ದು 2017ರಲ್ಲಿ. ‘ಸೇಲರ್ ಮೂನ್’ ಎಷ್ಟು ಹೆಸರುವಾಸಿ! ಅದರ ಕೊನೆಯ ಭಾಗ ಜಪಾನಿನಲ್ಲಿ 1997ರಲ್ಲೇ ಮುಗಿದಿತ್ತು. ಉತ್ತರ ಅಮೆರಿಕಕ್ಕೆ ಅದನ್ನು ತರುತ್ತೇವೆ ಎಂದು ಒಂದು ಕಂಪನಿ ಹೇಳಿದ್ದು 2014ರಲ್ಲಿ. ಅಷ್ಟು ವರ್ಷ ಆ ಕಥೆಗಳನ್ನು ಇಂಗ್ಲಿಷಿನಲ್ಲಿ ಬದುಕಿಸಿದ್ದು ಅಭಿಮಾನಿಗಳು.

ಇಂಗ್ಲಿಷಿನ ಪಾಡೇ ಇದಾದರೆ ಕನ್ನಡದ್ದು ಕೇಳಬೇಕೇ? ಹೊರಗಿನ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಲು ದಶಕಗಳ ಕಾಲ ಅಡ್ಡಿ ಇತ್ತು. ಆ ಅಡ್ಡಿ ತಪ್ಪು ಎಂದು ಭಾರತೀಯ ಸ್ಪರ್ಧಾ ಆಯೋಗವೇ 2015ರಲ್ಲಿ ಆದೇಶ ಕೊಡಬೇಕಾಯಿತು. ಹತ್ತು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಎಂಬ ಅನಿಮೆ ಚಿತ್ರ ನಮ್ಮ ಥಿಯೇಟರುಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇತ್ತು. ಕನ್ನಡ ಇರಲಿಲ್ಲ.

ಇದರಿಂದ ಏನು ಕಳೆದುಕೊಳ್ಳುತ್ತೇವೆ ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಜಪಾನಿನಲ್ಲಿ ಮನೆಯಿಂದ ಹೊರಡುವಾಗ ‘ಇತ್ತೆ ಕಿಮಾಸು’ ಅಂತಾರೆ. ಬಿಡಿಸಿ ನೋಡಿದರೆ ‘ಹೋಗಿ ಬರ್ತೀನಿ’. ಒಳಗಿನಿಂದ ಅಮ್ಮ ‘ಇತ್ತೆರಾಶ್ಶಾಯ್’ ಅಂತಾಳೆ. ‘ಹೋಗಿ ಬಾ’. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ‘ನಾನು ಹೊರಟೆ’ ಅನ್ನುವಂಥದ್ದೇನೋ ಬಂದು ಹೋಗುತ್ತದೆ. ನಮ್ಮಲ್ಲಿ ‘ಹೋಗ್ತೀನಿ’ ಅಂದರೆ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ‘ಹೋಗಿ ಬರ್ತೀನಿ ಅನ್ನು’ ಅಂತ ತಿದ್ದುತ್ತಾರೆ. ಜಪಾನಿನ ಆ ಮಾತು ಕನ್ನಡಕ್ಕೆ ನೇರವಾಗಿ ಬಂದು ಕೂರುತ್ತದೆ. ಇಂಗ್ಲಿಷ್ ಮೂಲಕ ಬಂದರೆ ದಾರಿಯಲ್ಲೇ ಉದುರಿಹೋಗುತ್ತದೆ.

ನಾನೊಮ್ಮೆ ಒಂದೇ ಒಂದು ಕಂತಿಗೆ ಕನ್ನಡ ಸಬ್‌ಟೈಟಲ್ ಮಾಡಿದ್ದೇನೆ. 24 ನಿಮಿಷ, 312 ಸಾಲು, ನಾಲ್ಕು ರಾತ್ರಿ. ಅರೆಬರೆ ಕಲಿತ ಜಪಾನಿ, ಪಕ್ಕದಲ್ಲಿ ಇಂಗ್ಲಿಷ್ ಸಬ್‌ಟೈಟಲ್. ಅಣ್ಣನನ್ನು ತಂಗಿ ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ಎಂದು ಯೋಚಿಸುತ್ತಲೇ ಒಂದು ಸಂಜೆ ಕಳೆದಿತ್ತು. ಆ ಕೆಲಸಕ್ಕೆ ಬೆಲೆ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಕಾನೂನು ಏನನ್ನುತ್ತದೆ ಎಂಬುದು ನನಗೂ ಗೊತ್ತು. ಅನುವಾದದ ಹಕ್ಕು ಮೂಲ ಕೃತಿಯ ಒಡೆಯರದ್ದು. ಆದರೆ ಅದೇ ಕಾನೂನಿನಲ್ಲಿ ಒಂದು ಕಿಟಕಿಯೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 32ನೇ ಕಲಮನ್ನು ಓದಿ. ಒಂದು ಪುಸ್ತಕ ಅಥವಾ ನಾಟಕ ಮೊದಲು ಪ್ರಕಟವಾಗಿ 7 ವರ್ಷ ಕಳೆದರೂ ಒಂದು ಭಾಷೆಗೆ ಅನುವಾದವಾಗದಿದ್ದರೆ, ಒಡೆಯರನ್ನು ಕೇಳಿಯೂ ಒಪ್ಪಿಗೆ ಸಿಗದಿದ್ದರೆ, ಆ ಭಾಷೆಗೆ ಅನುವಾದಿಸಿ ಪ್ರಕಟಿಸಲು ಲೈಸೆನ್ಸ್ ಕೊಡಿ ಎಂದು ಅರ್ಜಿ ಹಾಕಬಹುದು. ಒಡೆಯರಿಗೆ ರಾಯಲ್ಟಿ ಕೊಡಬೇಕು, ಅಷ್ಟೇ. ಅಂದರೆ ಒಡೆಯರು ಒಂದು ಭಾಷೆಯ ಜನರನ್ನು ಕೊನೆಯವರೆಗೂ ಕಾಯಿಸಬಾರದು ಎಂದು ಕಾನೂನೇ ಒಪ್ಪಿದೆ. ಸಿನಿಮಾ, ಟೀವಿ ಸರಣಿಗಳಿಗೆ ಆ ಕಲಂ ಅನ್ವಯಿಸುವುದಿಲ್ಲ. ಯಾಕೆ ಅನ್ವಯಿಸಬಾರದು?

ಜಪಾನಿನವರೂ ಅಭಿಮಾನಿಗಳ ವ್ಯಾಪಾರವನ್ನು ಪೂರ್ತಿ ತಳ್ಳಿಹಾಕಿಲ್ಲ. 1975ರಲ್ಲಿ ಶುರುವಾದ ಟೋಕಿಯೊದ ಕಾಮಿಕೆಟ್ ಜಾತ್ರೆಯಲ್ಲಿ ಅಭಿಮಾನಿಗಳು ತಮ್ಮ ಮೆಚ್ಚಿನ ಪಾತ್ರಗಳನ್ನಿಟ್ಟು ಬರೆದ ಪುಸ್ತಕಗಳನ್ನು ದುಡ್ಡಿಗೇ ಮಾರುತ್ತಾರೆ. ಕಂಪನಿಗಳು ಹೆಚ್ಚಾಗಿ ನೋಡಿಯೂ ನೋಡದಂತೆ ಇರುತ್ತವೆ. ಹಾಗಾದರೆ ಎಲ್ಲೂ ಸಿಗದ ಸರಣಿಯನ್ನು ಅನುವಾದಿಸಿದವರು ಖರ್ಚಿನ ಮೇಲೆ ನಾಲ್ಕು ಕಾಸು ಇಟ್ಟು ಮಾರಲಿ. ಅಧಿಕೃತ ಆವೃತ್ತಿ ಬಂದ ದಿನ ನಿಲ್ಲಿಸಲಿ. ಬಂದದ್ದರಲ್ಲಿ ಒಂದು ಪಾಲು ಮೂಲದವರಿಗೆ ಎತ್ತಿಡಲಿ. ಕಾಲೇಜಿನ ಕ್ಯಾಂಟೀನಿನಲ್ಲಿ ಕೂತು ನಾನು ವಾದಿಸಿದ್ದರ ತಿರುಳು ಇಷ್ಟು.

ವಿರೋಧ: ಆ ಹಳದಿ ಅಕ್ಷರಗಳು

2007ರ ಸುಮಾರು. ಮೆಜೆಸ್ಟಿಕ್ ಹತ್ತಿರ ಒಂದು ಸಣ್ಣ ಅಂಗಡಿ. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಅನಿಮೆಯ ಡಿವಿಡಿ, ಮೇಲೆ ಮಸುಕಾದ ಕಲರ್ ಪ್ರಿಂಟ್. ನೂರು ಹೇಳಿದ, ಎಂಬತ್ತಕ್ಕೆ ಕೊಟ್ಟ. ಮನೆಗೆ ಬಂದು ಹಾಕಿದೆ. ಹಾಡು ಶುರುವಾಗುವ ಮೊದಲೇ ಪರದೆಯ ನಡುವೆ ಹಳದಿ ಅಕ್ಷರ, ಇಂಗ್ಲಿಷಿನಲ್ಲಿ. ಅದರ ಅರ್ಥ ಇಷ್ಟು: ‘ಇದು ಅಭಿಮಾನಿಗಳು ಅಭಿಮಾನಿಗಳಿಗಾಗಿ ಮಾಡಿದ್ದು. ಉಚಿತ. ಮಾರಬೇಡಿ, ಬಾಡಿಗೆಗೆ ಕೊಡಬೇಡಿ, ಹರಾಜು ಹಾಕಬೇಡಿ. ಇದಕ್ಕೆ ದುಡ್ಡು ಕೊಟ್ಟಿದ್ದರೆ ನೀವು ಮೋಸ ಹೋಗಿದ್ದೀರಿ.’

ಆ ಸಾಲನ್ನು ಅಳಿಸುವಷ್ಟು ಕಷ್ಟವನ್ನೂ ಮಾರಿದವನು ತೆಗೆದುಕೊಂಡಿರಲಿಲ್ಲ. ನನ್ನ ವಾದಕ್ಕೆ ಬಿದ್ದ ಮೊದಲ ಪೆಟ್ಟು ಅದು. ‘ದುಡಿದವರಿಗೆ ಕೂಲಿ’ ಅಂತ ನಾನು ಕೂಗಾಡುತ್ತಿದ್ದೆ. ನನ್ನ 80 ರೂಪಾಯಿಯಲ್ಲಿ ದುಡಿದವರಿಗೆ ಒಂದು ಪೈಸೆ ಹೋಗಲಿಲ್ಲ. ಚಿತ್ರ ಬರೆದವರಿಗೂ ಹೋಗಲಿಲ್ಲ, ಸಬ್‌ಟೈಟಲ್ ಬರೆದವರಿಗೂ ಹೋಗಲಿಲ್ಲ.

ಫ್ಯಾನ್‌ಸಬ್ ಮಾರಾಟ ಅಂದಾಗ ಬಡ ಅನುವಾದಕನನ್ನು ಮುಂದೆ ನಿಲ್ಲಿಸುತ್ತೇವೆ. ನಿಜವಾಗಿ ಮಾರಿದವರು ಯಾರು ನೋಡಿ. ಅಮೆರಿಕದ ಅಭಿಮಾನಿ ಸಮಾವೇಶಗಳಲ್ಲಿ ಮೇಜು ಹಾಕಿದ ವ್ಯಾಪಾರಿಗಳು, ಇಬೇಯಲ್ಲಿ ಟೇಪ್ ಹರಾಜು ಹಾಕಿದವರು, ಡಿಸ್ಕ್ ಅಚ್ಚು ಹಾಕಿಸಿ ಅಂಗಡಿಗಳಿಗೆ ಸುರಿದವರು. ‘ಹರಾಜು ಹಾಕಬೇಡಿ’ ಎಂದು ಫ್ಯಾನ್‌ಸಬ್ ತಂಡಗಳು ಬರೆಯುತ್ತಿದ್ದದ್ದು ಇವರಿಗಾಗಿಯೇ. ಇನ್ನೊಂದು ಸಂಕಟ ಏನೆಂದರೆ, ಅನುವಾದಿಸಿದವರು ಇವರ ಮೇಲೆ ಕೇಸು ಹಾಕುವ ಹಾಗೂ ಇಲ್ಲ. ಒಪ್ಪಿಗೆ ಇಲ್ಲದೆ ಬೇರೆಯವರ ಕೃತಿ ಬಳಸಿ ಮಾಡಿದ ಭಾಗಕ್ಕೆ ಅಮೆರಿಕದ ಕಾಯ್ದೆ ಕೃತಿಸ್ವಾಮ್ಯ ಕೊಡುವುದಿಲ್ಲ.

ಸರಿ, ಅನುವಾದಕರೇ ಮಾರಿದರೆ? ನನ್ನ 312 ಸಾಲಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸಾಲುಗಳು ನನ್ನವು, ಒಪ್ಪಿದೆ. ಆದರೆ ಬರೀ ಸಾಲುಗಳನ್ನು ಯಾರು ಕೊಳ್ಳುತ್ತಾರೆ? ಕೊಳ್ಳುವುದು ಆ 24 ನಿಮಿಷದ ಚಿತ್ರವನ್ನು. ಅದರಲ್ಲಿ ಮಳೆ ಬೀಳುವ ಒಂದು ದೃಶ್ಯವಿದೆ. ಕೊಡೆಯ ಅಂಚಿನಿಂದ ಹನಿ ಜಾರುವುದನ್ನು ಒಬ್ಬರು ಹಾಳೆ ಹಾಳೆಯಾಗಿ ಬರೆದಿದ್ದಾರೆ. ಜಪಾನಿನ ಅನಿಮೇಟರುಗಳ ಸಂಘ ನಡೆಸಿದ ಸಮೀಕ್ಷೆಯ ಪ್ರಕಾರ, ಚಿತ್ರದಿಂದ ಚಿತ್ರಕ್ಕೆ ಚಲನೆ ತುಂಬುವ ಈ ಕೆಳಗಿನ ಹಂತದ ಕಲಾವಿದರ ಸರಾಸರಿ ಆದಾಯ 2013ರಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ ಯೆನ್. ಟೋಕಿಯೊದಂಥ ಊರಿನಲ್ಲಿ ಅಷ್ಟರಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ. ನಾನು ಅಧಿಕೃತವಾಗಿ ಕೊಟ್ಟ ದುಡ್ಡೂ ನೇರವಾಗಿ ಅವರ ಕೈಗೆ ಹೋಗುವುದಿಲ್ಲ, ಬಂಡವಾಳ ಹೂಡಿದ ಕಂಪನಿಗಳ ಗುಂಪಿಗೆ ಹೋಗುತ್ತದೆ. ಇದು ನನಗೂ ಬೇಸರದ ವಿಷಯವೇ. ಆದರೆ ಅವರಿಗೆ ಕಡಿಮೆ ಸಿಗುತ್ತಿದೆ ಅನ್ನುವುದು, ನಾನು ಅವರ ಕೆಲಸ ಮಾರಿ ಅವರಿಗೆ ಏನೂ ಕೊಡದಿರುವುದಕ್ಕೆ ನೆಪ ಆಗಬಾರದು.

ಕಾಮಿಕೆಟ್ ಹೋಲಿಕೆಯೂ ನಿಲ್ಲುವುದಿಲ್ಲ. ಅಲ್ಲಿ ಮಾರುವವರು ಚಿತ್ರವನ್ನು ತಮ್ಮ ಕೈಯಾರೆ ಬರೆದಿರುತ್ತಾರೆ, ಕಥೆ ಕಟ್ಟಿರುತ್ತಾರೆ. ಫ್ಯಾನ್‌ಸಬ್‌ನಲ್ಲಿ ಪೂರ್ತಿ ಕಂತು ಇದ್ದದ್ದು ಇದ್ದ ಹಾಗೇ ಇದೆ, ಕೆಳಗೆ ಎರಡು ಸಾಲು ಸೇರಿದೆ ಅಷ್ಟೇ. 2018ರಲ್ಲಿ ಜಪಾನ್ ತನ್ನ ಕಾನೂನು ಬಿಗಿ ಮಾಡಿದಾಗಲೂ ಈ ವ್ಯತ್ಯಾಸ ಇಟ್ಟುಕೊಂಡಿತು. ಮಾರಾಟದಲ್ಲಿರುವ ಕೃತಿಯನ್ನು ಲಾಭಕ್ಕಾಗಿ ಹಾಗೇ ನಕಲು ಮಾಡಿದರೆ ಒಡೆಯರ ದೂರಿಲ್ಲದೆಯೂ ಮೊಕದ್ದಮೆ ಹೂಡಬಹುದು. ಅಭಿಮಾನಿಗಳ ಸ್ವಂತ ಪುಸ್ತಕಗಳನ್ನು ಅದರಿಂದ ಹೊರಗಿಟ್ಟರು.

ಕಾನೂನಿನ ಮಾತು ಹೇಗೂ ಗೊತ್ತಿರುವುದೇ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ 8ನೇ ವಿಧಿ ಅನುವಾದದ ಹಕ್ಕನ್ನು ಲೇಖಕರಿಗೆ ಕೊಡುತ್ತದೆ. ಜಪಾನ್, ಅಮೆರಿಕ, ಭಾರತ ಮೂರೂ ಅದರಲ್ಲಿವೆ. ಉಚಿತವಾಗಿ ಹಂಚಿದರೂ ತಪ್ಪೇ. ಬರೀ ಸಬ್‌ಟೈಟಲ್ ಫೈಲ್ ಮಾಡಿ ಹಂಚುವುದೂ ಉಲ್ಲಂಘನೆ ಎಂದು ಆಮ್‌ಸ್ಟರ್‌ಡ್ಯಾಮ್‌ನ ನ್ಯಾಯಾಲಯ 2017ರಲ್ಲಿ ಹೇಳಿತು. ಆದರೆ ನಮ್ಮ ಕಾಯ್ದೆಯ 63ನೇ ಕಲಮಿನಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಶಿಕ್ಷೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ತಪ್ಪು ಮಾಡಿದ್ದು ವ್ಯಾಪಾರದ ಲಾಭಕ್ಕಾಗಿ ಅಲ್ಲದಿದ್ದರೆ, ನ್ಯಾಯಾಧೀಶರು ಕಾರಣ ಬರೆದು ಅದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ದುಡ್ಡು ಮುಟ್ಟಿದವರಿಗೂ ಮುಟ್ಟದವರಿಗೂ ಇರುವ ಅಂತರವನ್ನು ಕಾನೂನೂ ಕಂಡಿದೆ.

ಚೀನಾದ ರೆನ್‌ರೆನ್ ಯಿಂಗ್‌ಶಿ ತಂಡದ ಕಥೆ ನೆನಪಾಗುತ್ತದೆ. ವಿದೇಶಿ ಧಾರಾವಾಹಿಗಳಿಗೆ ಚೀನಿ ಸಬ್‌ಟೈಟಲ್ ಹಾಕುತ್ತಾ ಅಭಿಮಾನಿಗಳಾಗಿ ಶುರುವಾದವರು. ಬರಬರುತ್ತಾ ಜಾಹೀರಾತು ಬಂತು, ಸದಸ್ಯತ್ವದ ದುಡ್ಡು ಬಂತು, ಚಿತ್ರ ತುಂಬಿದ ಹಾರ್ಡ್ ಡಿಸ್ಕ್ ಮಾರಾಟ ಬಂತು. 2021ರಲ್ಲಿ ಶಾಂಘೈ ಪೊಲೀಸರು 14 ಜನರನ್ನು ಹಿಡಿದರು. ಮುಖ್ಯಸ್ಥರಿಗೆ ಮೂರೂವರೆ ವರ್ಷ ಜೈಲಾಯಿತು. ಅವರ ಸಬ್‌ಟೈಟಲ್ ನೋಡಿ ಬೆಳೆದ ಚೀನಿಯರು ತುಂಬಾ ಜನ ಬೇಸರಪಟ್ಟರು. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಪ್ರೀತಿಗೆ ಮಾಡಿದ ಕೆಲಸ ಯಾವ ದಿನ ವ್ಯಾಪಾರ ಆಯಿತು ಎಂದು ಒಳಗಿದ್ದವರಿಗೂ ಗೊತ್ತಾಗಿರಲಿಕ್ಕಿಲ್ಲ.

ಟೇಪಿನ ಕಾಲದವರು ಇದನ್ನು ಮೊದಲೇ ಕಂಡಿದ್ದರು ಅನಿಸುತ್ತದೆ. ‘ನಮ್ಮ ದೇಶದಲ್ಲಿ ಯಾರಾದರೂ ಲೈಸೆನ್ಸ್ ಪಡೆದ ದಿನ ಹಂಚುವುದು ನಿಲ್ಲಿಸುತ್ತೇವೆ’ ಎಂಬುದು ಅವರು ತಾವೇ ಹಾಕಿಕೊಂಡ ಕಟ್ಟು. ಬಿಟ್ಟಿ ಹಂಚುವವರಿಗೆ ಇದು ಸುಲಭ, ಕಳೆದುಕೊಳ್ಳುವುದು ಏನೂ ಇಲ್ಲ. ಮಾರುವವನಿಗೆ ಅಧಿಕೃತ ಬಿಡುಗಡೆಯ ದಿನವೇ ಬೇಡಿಕೆ ಏರುವ ದಿನ. ಅವನ ಹತ್ತಿರ ಮಾಲು ಉಳಿದಿರುತ್ತದೆ. ಅವನು ಯಾಕೆ ನಿಲ್ಲಿಸುತ್ತಾನೆ? ನನ್ನ ಹಳೆಯ ವಾದದಲ್ಲಿ ‘ಆ ದಿನ ನಿಲ್ಲಿಸಲಿ’ ಎಂದು ಎಷ್ಟು ಸಲೀಸಾಗಿ ಬರೆದಿದ್ದೇನೆ ನೋಡಿ.

ಜಪಾನಿನ ಕಂಪನಿಗಳು ಸುಮ್ಮನಿದ್ದದ್ದನ್ನು ಒಪ್ಪಿಗೆ ಅಂತ ಓದಿದ್ದೂ ತಪ್ಪು. 2004ರ ಡಿಸೆಂಬರಿನಲ್ಲಿ ಮೀಡಿಯಾ ಫ್ಯಾಕ್ಟರಿ ಕಂಪನಿ ವಕೀಲರ ಮೂಲಕ ಫ್ಯಾನ್‌ಸಬ್ ತಂಡಗಳಿಗೆ ಪತ್ರ ಬರೆಸಿ, ತನ್ನ ಸರಣಿಗಳನ್ನು ನಿಲ್ಲಿಸಿ ಅಂದಿತು. ಇನ್ನು ಅನಿಮೆ ತೋರಿಸುವ ಜಾಲತಾಣ ಕ್ರಂಚಿರೋಲ್. 2006ರಲ್ಲಿ ಶುರುವಾದಾಗ ಅಲ್ಲಿ ತುಂಬಿದ್ದು ಬಳಕೆದಾರರು ಏರಿಸಿದ ಫ್ಯಾನ್‌ಸಬ್‌ಗಳೇ. 2008ರಲ್ಲಿ ಅದಕ್ಕೆ 40 ಲಕ್ಷ ಡಾಲರಿಗೂ ಜಾಸ್ತಿ ಬಂಡವಾಳ ಬಂದಾಗ ಅಭಿಮಾನಿಗಳಲ್ಲೇ ಸಿಟ್ಟು ಎದ್ದಿತು: ನಾವು ಬಿಟ್ಟಿ ಕೊಟ್ಟದ್ದರ ಮೇಲೆ ನೀವು ದುಡ್ಡು ಮಾಡುತ್ತೀರಾ ಅಂತ. 2009ರ ಆರಂಭದಲ್ಲಿ ಒಪ್ಪಿಗೆ ಇಲ್ಲದ್ದನ್ನೆಲ್ಲ ತೆಗೆದು, ಜಪಾನಿನ ಟಿವಿ ಟೋಕಿಯೊ ವಾಹಿನಿಯ ಜೊತೆ ಒಪ್ಪಂದ ಮಾಡಿಕೊಂಡು ‘ನರುಟೊ ಶಿಪ್ಪೂಡೆನ್’ ಸರಣಿ ತೋರಿಸತೊಡಗಿದರು. 2021ರಲ್ಲಿ ಸೋನಿಯ ಅನಿಮೆ ಕಂಪನಿ ಫನಿಮೇಶನ್ ಕ್ರಂಚಿರೋಲನ್ನು 117.5 ಕೋಟಿ ಡಾಲರಿಗೆ ಕೊಂಡಿತು. ಶುರುವಿನ ಆ ಮೂರು ವರ್ಷ ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಅಂದು ಬಿಟ್ಟಿ ದುಡಿದವರಿಗೆ ಏನೂ ಸಿಗಲಿಲ್ಲ. ಆದರೆ ಮೂಲದವರಿಗೆ ದುಡ್ಡು ಮುಟ್ಟತೊಡಗಿದ್ದು ಒಪ್ಪಂದ ಆದ ಮೇಲೆಯೇ.

ಮೊದಲ ಪ್ರಬಂಧದ ಒಂದು ಮಾತನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. 32ನೇ ಕಲಮಿನಂಥ ದಾರಿ ಚಿತ್ರಗಳಿಗೂ ಇರಬೇಕು. ಕನ್ನಡದಂಥ ಭಾಷೆಗೆ ಅದು ಬೇಕೇ ಬೇಕು. ಆ ದಾರಿಯಲ್ಲಿ ಅರ್ಜಿ ಇದೆ, ರಾಯಲ್ಟಿ ಇದೆ, ಮೂಲದವರಿಗೆ ಒಂದು ಮಾತು ಹೇಳುವ ಅವಕಾಶ ಇದೆ. ಪೆನ್‌ಡ್ರೈವ್ ಮಾರಾಟದಲ್ಲಿ ಇದ್ಯಾವುದೂ ಇಲ್ಲ.

ಪೆನ್‌ಡ್ರೈವ್ ಅಂದದ್ದು ಸುಮ್ನೆ ಅಲ್ಲ. ನಾನು ಮಾಡಿದ ಆ ಕನ್ನಡ ಕಂತನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಾಲೇಜು ಫೆಸ್ಟಿನಲ್ಲಿ ಮಾರೋಣ, ಅರ್ಧರ್ಧ ಹಂಚಿಕೊಳ್ಳೋಣ ಎಂದು ಗೆಳೆಯನೊಬ್ಬ ಕೇಳಿದ್ದ. ಬೇಡ ಅಂದೆ. ಹಳದಿ ಅಕ್ಷರಗಳು ಕಣ್ಣ ಮುಂದೆ ಬಂದವು.

ಆ ಫೈಲ್ ಈಗ ಬಳಕೆಯಾಗುವುದು ಒಬ್ಬಳಿಗೆ. ಅಕ್ಕನ ಮಗಳು, ಎಂಟು ವರ್ಷ. ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಸಾಲು ಹೋಗಿಬಿಡುತ್ತದೆ ಅಂತ ಅಳುಮುಖ ಮಾಡುತ್ತಾಳೆ. ಟೀವಿಯಲ್ಲಿ ಚಂದಾ ಕಟ್ಟಿದ ಆ್ಯಪ್ ಹಾಕಿ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಸಾಲುಗಳನ್ನು ಓದಿ ಹೇಳುತ್ತೇನೆ. ಹೋದ ಭಾನುವಾರ ನಾಲ್ಕನೇ ಸಲ ಅದೇ ಕಂತು. ಹುಡುಗ ಶೂ ಹಾಕಿಕೊಂಡು ಬಾಗಿಲು ತೆಗೆದ. ನಾನು ಬಾಯಿ ತೆರೆಯುವ ಮೊದಲೇ ಅವಳು ಟೀವಿ ಕಡೆ ಕೈಬೀಸಿ ‘ಹೋಗಿ ಬಾ’ ಅಂದಳು.