ನೆಸ್ಲೆಗಿಂತ ಮೊದಲೇ ಲೀಬಿಗ್ ಇದ್ದರು

ಮಕ್ಕಳ ಡಬ್ಬಿ ಆಹಾರ ಶುರುವಾಗಿದ್ದೇ 1867ರಲ್ಲಿ ಹೆನ್ರಿ ನೆಸ್ಲೆಯಿಂದ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 1865ರಲ್ಲೇ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಶಿಶುಗಳ ಸೂಪ್ ಮಾಡುವ ವಿಧಾನ ಪ್ರಕಟಿಸಿದ್ದರು. ಗೋಧಿ ಹಿಟ್ಟನ್ನು ಹಸುವಿನ ಹಾಲಿನಲ್ಲಿ ಬೇಯಿಸಬೇಕು, ಮೊಳಕೆ ಬಾರ್ಲಿಯ ಹಿಟ್ಟಿಗೆ ಅಡುಗೆ ಸೋಡಾದಂಥ ಪೊಟ್ಯಾಸಿಯಂ ಬೈಕಾರ್ಬನೇಟ್ ಚೂರು ಸೇರಿಸಿ ಅದಕ್ಕೆ ಹಾಕಬೇಕು, ಗಂಜಿ ತೆಳ್ಳಗೆ ಸಿಹಿಯಾಗುವವರೆಗೆ ಬೆಚ್ಚಗಿಟ್ಟು, ಮತ್ತೆ ಕುದಿಸಿ ಸೋಸಬೇಕು. ಪಿಷ್ಟವನ್ನು ಸಕ್ಕರೆ ಮಾಡೋದು ಆ ಮೊಳಕೆಯೇ. ನಮ್ಮಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿಹಿಟ್ಟು ಮಾಡ್ತಾರಲ್ಲ, ಅಲ್ಲಿ ಕೆಲಸ ಮಾಡೋದೂ ಇದೇ ಗುಣ.

ನೆಸ್ಲೆ ಗೆದ್ದಿದ್ದು ಸುಲಭ ಮಾಡಿದ್ದಕ್ಕೆ ಅಂತ ನನ್ನ ಲೆಕ್ಕ. ಅವರ ಪುಡಿಯಲ್ಲಿ ಹಾಲೂ ಸೇರಿತ್ತು, ಬರೀ ನೀರು ಹಾಕಿ ಕಾಯಿಸಿದರೆ ಸಾಕಿತ್ತು.

ಇನ್ನೊಂದು, ಆ ಕಾಲದಲ್ಲಿ ಇಂಥ ಆಹಾರ ಕುಡಿದ ಮಕ್ಕಳು ಸತ್ತಿದ್ದಕ್ಕೆಲ್ಲ ಲೇಖನದ ಹಾಗೆ ಪುಡಿಯನ್ನೇ ದೂರೋದು ಬೇಡ. ಆಗಿನ ಇಂಗ್ಲೆಂಡಿನ ಹಾಲಿನ ಬಾಟಲಿಗಳನ್ನು ನೋಡಿ, ಉದ್ದನೆ ರಬ್ಬರ್ ಕೊಳವೆ ಇರ್ತಿತ್ತು, ಮಗು ಮಲಗಿದಲ್ಲೇ ಚೀಪಬಹುದಿತ್ತು. ತಾಯಿಗೇನೋ ಅನುಕೂಲ, ಆದರೆ ಕೊಳವೆಯೊಳಗೆ ಹಾಲು ಒಡೆದು ಅಂಟಿಕೊಂಡರೆ ತೊಳೆಯೋದು ಹೇಗೆ? ಜನ ಅದನ್ನು ಕೊಲೆಗಾರ ಬಾಟಲಿ ಅಂತಲೇ ಕರೆದರು. ಲೇಖನದಲ್ಲಿ ಅದರ ಸುದ್ದಿಯೇ ಇಲ್ವಲ್ಲ!