ಲೈನ್‌ಮನೆಯ ಪ್ರಾರ್ಥನೆಗೆ ಯಾರ ಅಪ್ಪಣೆ ಬೇಕು?

ಕಳೆದ ಬೇಸಿಗೆಯಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ವಿರಾಜಪೇಟೆಯ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆವು. ಸಂಬಂಧದಲ್ಲಿ ನನಗೆ ಮಾವನಾಗಬೇಕಾದ ಹಿರಿಯರೊಬ್ಬರು, "ನಿಮ್ಮ ಇಂಗ್ಲೆಂಡಿನಲ್ಲಿ ಚರ್ಚುಗಳನ್ನೆಲ್ಲ ಮಾರುತ್ತಿದ್ದಾರಂತಲ್ಲ, ಇಲ್ಲಿ ನೋಡಿದರೆ ಲೈನ್‌ಮನೆಗೊಂದು ಚರ್ಚು ಹುಟ್ಟಿಕೊಳ್ಳುತ್ತಿದೆ, ಇವರನ್ನು ಮೊದಲೇ ಹದ್ದುಬಸ್ತಿನಲ್ಲಿ ಇಡಬೇಕಿತ್ತು" ಎಂದರು. ಲೈನ್‌ಮನೆ ಎಂದರೆ ಕಾಫಿ ತೋಟದ ಕೂಲಿಯವರು ವಾಸಿಸುವ ಸಾಲುಮನೆ. ಎದುರಿನ ಸಾಲಿನಲ್ಲಿ ಕುಳಿತಿದ್ದವರು ನಮಗೆಲ್ಲ ಇಂಗ್ಲಿಷ್ ಕಲಿಸಿದ ಮಿಸ್. ಅವರು ಕ್ಯಾಥೊಲಿಕ್ ಎಂಬುದು ಆ ಪಂಕ್ತಿಯಲ್ಲಿ ಯಾರಿಗೂ ತಿಳಿಯದ ವಿಷಯವಲ್ಲ. ಮಾವನ ಇಬ್ಬರು ಹೆಣ್ಣುಮಕ್ಕಳೂ ಅವರ ಕೈಯಲ್ಲೇ ಓದಿದವರು. ಮಿಸ್ ತಲೆ ಎತ್ತದೆ ಊಟ ಮುಂದುವರಿಸಿದರು. ಮರುಗಳಿಗೆಯಲ್ಲೇ ಅದೇ ಮಾವ ಬಡಿಸುವ ಹುಡುಗನನ್ನು ಕರೆದು "ನಮ್ಮ ಮಿಸ್‌ಗೆ ಇನ್ನೊಂದಿಷ್ಟು ಪಾಯಸ ಹಾಕಪ್ಪ" ಎಂದು ಪ್ರೀತಿಯಿಂದಲೇ ಒತ್ತಾಯ ಮಾಡಿದರು. ಆ ಪ್ರೀತಿ ನಿಜವಾದದ್ದು, ಅದಕ್ಕೆ ಮೊದಲು ಆಡಿದ ಮಾತೂ ನಿಜವಾದದ್ದು. ಎರಡೂ ಒಂದೇ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನನ್ನ ಮನಸ್ಸನ್ನು ಇಂದಿಗೂ ಚುಚ್ಚುತ್ತಿದೆ.

ಕ್ರೈಸ್ತರ ವಿಷಯದಲ್ಲಿ ನಮ್ಮ ಕೊಡಗಿನವರ ನಡವಳಿಕೆ ಹೀಗೆಯೇ ಇದೆ ಎಂದು ನನಗೆ ತೋರುತ್ತದೆ. ಕಾನ್ವೆಂಟಿನಲ್ಲಿ ಮಕ್ಕಳಿಗೆ ಸೀಟು ಸಿಗಲೆಂದು ವರ್ಷ ಮೊದಲೇ ಶಿಫಾರಸು ಹಿಡಿಯುತ್ತೇವೆ, ಸಿಸ್ಟರುಗಳು ನಡೆಸುವ ಆಸ್ಪತ್ರೆಯಲ್ಲಿ ಹೆರಿಗೆ ಆದರೆ ನೆಮ್ಮದಿ ಎನ್ನುತ್ತೇವೆ, ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿನ ಮುಂದೆ ನಿಂತು ನೆಂಟರ ಫೋಟೋ ತೆಗೆಯುತ್ತೇವೆ. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು ಈಗ ವಸ್ತುಸಂಗ್ರಹಾಲಯವಾಗಿದೆ, ಅಲ್ಲಿ ಪ್ರಾರ್ಥಿಸುವವರಿಲ್ಲ, ಹಾಗಾಗಿ ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಕಟ್ಟಡ ನಮಗೆ ಇಷ್ಟ, ಶಾಲೆ ಇಷ್ಟ, ಔಷಧ ಇಷ್ಟ. ಹೊಸದಾಗಿ ಒಬ್ಬ ಬಡವ ಮೊಣಕಾಲೂರಿ ಪ್ರಾರ್ಥಿಸಿದರೆ ಮಾತ್ರ ಊರಿಗೆ ಊರೇ ಕಿವಿ ನೆಟ್ಟಗೆ ಮಾಡುತ್ತದೆ.

ನಾನು ಬದುಕುತ್ತಿರುವ ಲೆಸ್ಟರ್ ನಗರದಲ್ಲಿ ಪರಿಸ್ಥಿತಿ ತಿರುವುಮುರುವಾಗಿದೆ. 2021ರ ಜನಗಣತಿಯ ಪ್ರಕಾರ ಇಲ್ಲಿ ಕ್ರೈಸ್ತರು ಶೇಕಡಾ 24.7, ಮುಸ್ಲಿಮರು 23.5, ಹಿಂದೂಗಳು 17.9. ದೇಶದ ದೊರೆಯೇ ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥ, ಸಂಸತ್ತಿನ ಮೇಲ್ಮನೆಯಲ್ಲಿ 26 ಬಿಷಪ್ಪರಿಗೆ ಪದನಿಮಿತ್ತ ಸ್ಥಾನವಿದೆ. ಇಷ್ಟಿದ್ದರೂ ಇಲ್ಲಿ ಯಾವ ಅಂಜಿಕೆಯೂ ಇಲ್ಲದೆ ಗೇಲಿ ಮಾಡಬಹುದಾದ ಧರ್ಮವೆಂದರೆ ಕ್ರೈಸ್ತ ಧರ್ಮವೇ. ಧರ್ಮನಿಂದೆಯ ಹಳೆಯ ಅಪರಾಧವನ್ನು 2008ರಲ್ಲಿ ರದ್ದುಪಡಿಸಿದರು, ಅದಕ್ಕೂ ಎಷ್ಟೋ ಮೊದಲೇ ಟೀವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಪಾದ್ರಿ ನಗೆಪಾಟಲಿನ ಪಾತ್ರವಾಗಿದ್ದ. ನನ್ನ ಕಚೇರಿಯ ಸಹೋದ್ಯೋಗಿ ಹೆಣ್ಣುಮಗಳೊಬ್ಬಳು ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾಳೆ, ಸೋಮವಾರ ಬೆಳಿಗ್ಗೆ "ರಜೆಯಲ್ಲಿ ಏನು ಮಾಡಿದೆ?" ಎಂದು ಕೇಳಿದವರಿಗೆ ತೋಟದ ಕೆಲಸ ಮಾಡಿದೆ ಎಂದಷ್ಟೇ ಹೇಳುತ್ತಾಳೆ. ನಾನು ದೀಪಾವಳಿಯ ವಿಷಯ ಎತ್ತಿದರೆ ಅದೇ ಜನ ಕುರ್ಚಿ ಎಳೆದುಕೊಂಡು ಗೌರವದಿಂದ ಕೇಳುತ್ತಾರೆ. ನನ್ನ ದೇವರಿಗೆ ಸಿಗುವ ಮರ್ಯಾದೆ ಆ ನೆಲದಲ್ಲೇ ಹುಟ್ಟಿದ ಅವಳ ದೇವರಿಗೆ ಸಿಗುವುದಿಲ್ಲವಲ್ಲ ಎಂದು ಎಷ್ಟೋ ಸಲ ನನಗೆ ಸಂಕಟವಾಗಿದೆ.

ಆದರೆ ಆ ಗೇಲಿ ನಾಲಗೆಯಿಂದ ಇಳಿದು ಕೈಗೆ ಬರುವುದು ಅಪರೂಪ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು 2024ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಧರ್ಮದ್ವೇಷದ ಹತ್ತು ಸಾವಿರಕ್ಕೂ ಹೆಚ್ಚು ಅಪರಾಧಗಳನ್ನು ದಾಖಲಿಸಿದರು. ಅವುಗಳಲ್ಲಿ ಶೇಕಡಾ 38ರಷ್ಟು ಮುಸ್ಲಿಮರ ಮೇಲೆ ನಡೆದವು, ಮೂರನೆಯ ಒಂದು ಪಾಲು ಯಹೂದಿಯರ ಮೇಲೆ. ಯಹೂದಿಯರು ಜನಸಂಖ್ಯೆಯ ಶೇಕಡಾ ಅರ್ಧದಷ್ಟು ಮಾತ್ರ ಇದ್ದಾರೆ ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಕ್ರೈಸ್ತನನ್ನು ನೋಡಿ ನಗುವವರು ಅವನ ಮನೆಯ ಬಾಗಿಲು ತಟ್ಟಿ "ಒಳಗೆ ಯಾರು ಹಾಡುತ್ತಿದ್ದೀರಿ?" ಎಂದು ಕೇಳುವುದಿಲ್ಲ. ಅವರ ತಾತ್ಸಾರ ಬಿಷಪ್ಪನ ಮೇಲೆ, ಗದ್ದುಗೆಯ ಮೇಲೆ, ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟ ವ್ಯವಸ್ಥೆಯ ಮೇಲೆ. ಆ ಕಾರಣಕ್ಕಾಗಿಯೇ 2024ರ ನವೆಂಬರ್‌ನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು. ನಮ್ಮಲ್ಲಿ ಗದ್ದುಗೆಗೆ ಕೈಮುಗಿದು, ಭಕ್ತನ ಜೇಬು ತಡಕುತ್ತಾರೆ.

ನನಗೆ ಅತ್ಯಂತ ಕಸಿವಿಸಿ ಮಾಡುವ ಸಂಗತಿಯನ್ನು ಈಗ ಹೇಳುತ್ತೇನೆ. ಲೆಸ್ಟರ್‌ನ ಪೇಟೆ ಬೀದಿಯಲ್ಲಿ ಶನಿವಾರ ಇಸ್ಕಾನ್ ಭಕ್ತರು ಮೃದಂಗ ಬಾರಿಸುತ್ತ, ತಾಳ ಹಾಕುತ್ತ ಕುಣಿಯುತ್ತಾರೆ. ಅವರಲ್ಲಿ ಬಿಳಿಯರಿದ್ದಾರೆ, ತಲೆ ಬೋಳಿಸಿ ಶಿಖೆ ಬಿಟ್ಟವರಿದ್ದಾರೆ, ತಂದೆತಾಯಿ ಇಟ್ಟ ಹೆಸರನ್ನು ಬಿಟ್ಟು ದಾಸ ಎಂದು ಕರೆಸಿಕೊಳ್ಳುವವರಿದ್ದಾರೆ. ದಾರಿಹೋಕರ ಕೈಗೆ ಗೀತೆಯ ಪುಸ್ತಕ ಇಟ್ಟು "ಓದಿ ನೋಡಿ" ಎನ್ನುತ್ತಾರೆ. ವಾಟ್‌ಫರ್ಡ್ ಸಮೀಪದ ಭಕ್ತಿವೇದಾಂತ ಮ್ಯಾನರ್ ಎಂಬ ವಿಶಾಲವಾದ ಬಂಗಲೆಯನ್ನು 1973ರಲ್ಲಿ ಬೀಟಲ್ಸ್ ಸಂಗೀತ ತಂಡದ ಜಾರ್ಜ್ ಹ್ಯಾರಿಸನ್ ಈ ಪಂಥಕ್ಕೆ ಕೊಡಿಸಿಕೊಟ್ಟ. ಆ ಕುಣಿತದ ವಿಡಿಯೋ ನಮ್ಮ ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂದಾಗ ಎಂಥ ಸಂಭ್ರಮ! "ನೋಡಿ, ಇಂಗ್ಲಿಷರೇ ನಮ್ಮ ಧರ್ಮಕ್ಕೆ ಬರುತ್ತಿದ್ದಾರೆ" ಎಂದು ಎದೆಯುಬ್ಬಿಸಿ ಹಂಚಿಕೊಳ್ಳುತ್ತಾರೆ. ಆ ಇಂಗ್ಲಿಷ್ ಹುಡುಗನ ತಾಯಿ ಯಾವ ಪೊಲೀಸ್ ಠಾಣೆಗೂ ಹೋಗಲಿಲ್ಲ, ಅವನಿಗೆ ಯಾರೋ ಆಮಿಷ ಒಡ್ಡಿದರು ಎಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಇದೇ ಗುಂಪಿನಲ್ಲಿ, ಅದೇ ದಿನ, ನಮ್ಮ ತಾಲ್ಲೂಕಿನ ಆದಿವಾಸಿಗಳ ಹಾಡಿಯೊಂದರಲ್ಲಿ ಪ್ರಾರ್ಥನೆ ನಡೆಯಿತಂತೆ ಎಂಬ ಸುದ್ದಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಪರದೇಶದಿಂದ ಬಂದ ಧರ್ಮ ಎಂಬ ಕಾರಣಕ್ಕೆ ಈ ಸಿಟ್ಟು ಎಂದು ಕೆಲವರು ವಾದಿಸುತ್ತಾರೆ. ಕುಶಾಲನಗರ ದಾಟಿದರೆ ಬೈಲುಕುಪ್ಪೆಯ ಟಿಬೆಟಿಯನ್ನರಿದ್ದಾರೆ. ಅವರ ಭಾಷೆ ನಮಗೆ ತಿಳಿಯದು, ಮಂತ್ರ ತಿಳಿಯದು, ಆದರೂ ಮನೆಗೆ ನೆಂಟರು ಬಂದರೆ ಮೊದಲು ಅವರ ಗೋಲ್ಡನ್ ಟೆಂಪಲ್ ತೋರಿಸಿಕೊಂಡೇ ಬರುತ್ತೇವೆ. ಮುಸ್ಲಿಮರೊಂದಿಗಿನ ಜಗಳದ ಬಗೆ ಬೇರೆ. ಅದು ಬಹಿರಂಗವಾದದ್ದು, ಅದಕ್ಕೆ ಟಿಪ್ಪುವಿನ ಕಾಲದ ನೆನಪಿದೆ, ಅವನ ಸೇನೆ ಕೊಡವರನ್ನು ಕೊಂದ ದೇವಟಿಪರಂಬಿನ ನೋವಿದೆ, 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ದಿನ ಮಡಿಕೇರಿಯ ಬೀದಿಯಲ್ಲಿ ಆದ ಹಿಂಸೆಯಿದೆ, ಎರಡೂ ಕಡೆ ಮಾತಾಡುವ ಮುಖಂಡರಿದ್ದಾರೆ. ಅಷ್ಟೆಲ್ಲ ಇದ್ದರೂ ಎಮ್ಮೆಮಾಡಿನ ದರ್ಗಾದ ಉರೂಸಿಗೆ ಹರಕೆ ಹೊತ್ತು ಹೋಗುವ ನಮ್ಮವರು ಇಂದಿಗೂ ಇದ್ದಾರೆ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಶೇಕಡಾ 1.87ರಷ್ಟಿದ್ದ ಕ್ರೈಸ್ತರಿಗೆ ಎದುರು ಮಾತಾಡುವ ಬಲವಿಲ್ಲ. ಅವರು ನಮ್ಮ ಮಿಸ್‌ನಂತೆ ತಲೆ ತಗ್ಗಿಸಿ ಊಟ ಮುಗಿಸುತ್ತಾರೆ. ಪ್ರತ್ಯುತ್ತರ ಬರುವುದಿಲ್ಲ ಎಂಬ ಧೈರ್ಯದಿಂದ ಆಡುವ ಮಾತು ಬಹಿರಂಗ ಜಗಳಕ್ಕಿಂತ ಕೀಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿದ್ದಾಪುರದ ಕಡೆ ಕಾಫಿ ತೋಟವಿರುವ ನನ್ನ ಚಿಕ್ಕಪ್ಪನ ಮಗ ಹೇಳಿದ ಘಟನೆಯೊಂದಿದೆ. ಅವನ ತೋಟದಲ್ಲಿ ಈಗ ಕೆಲಸಕ್ಕಿರುವವರು ಹೆಚ್ಚಾಗಿ ಅಸ್ಸಾಮಿನಿಂದ ಬಂದವರು. ಅವರಲ್ಲಿ ಒಂದು ಕುಟುಂಬ ಅಜ್ಜನ ಕಾಲದಿಂದಲೂ ಕ್ರೈಸ್ತರದ್ದು, ಅಂದರೆ ಕೊಡಗಿನ ಹೆಸರು ಕೇಳುವುದಕ್ಕೂ ಮೊದಲೇ ಅವರು ಕ್ರೈಸ್ತರು. ಭಾನುವಾರ ಸಂತೆ ಮುಗಿಸಿ ಬಂದ ಮೇಲೆ ಸಂಜೆ ಲೈನ್‌ಮನೆಯ ಆ ಒಂದು ಕೋಣೆಯಲ್ಲಿ ಪಕ್ಕದ ಮನೆಯವರನ್ನೂ ಕೂರಿಸಿಕೊಂಡು ಹಾಡುತ್ತಿದ್ದರಂತೆ. ಒಂದು ಸಂಜೆ ಹತ್ತಿರದ ಊರಿನ ನಾಲ್ಕೈದು ಹುಡುಗರು ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಂತರು. ಆಧಾರ್ ಕಾರ್ಡ್ ತೋರಿಸು ಎಂದರು, ಮೊಬೈಲ್ ಕಿತ್ತುಕೊಂಡು ಯಾರು ಯಾರಿಗೆ ಕರೆ ಹೋಗಿದೆ ಎಂದು ನೋಡಿದರು. ಗೋಣಿಚೀಲದ ಮೇಲೆ ಇಟ್ಟಿದ್ದ ಹಾಡಿನ ಪುಸ್ತಕವನ್ನು ಎತ್ತಿಕೊಂಡರು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿದ, ಅಸ್ಸಾಮಿ ಲಿಪಿಯ ಪುಸ್ತಕ ಅದು. ಬಂದವರಲ್ಲಿ ಒಬ್ಬರಿಗೂ ಅದರ ಒಂದಕ್ಷರ ಓದಲು ಬರುತ್ತಿರಲಿಲ್ಲ, ಆದರೂ ಮತಾಂತರಕ್ಕೆ ಸಾಕ್ಷಿ ಎಂದು ಅದನ್ನು ತೆಗೆದುಕೊಂಡು ಹೋದರು. ಆ ಮನುಷ್ಯ ಮರುದಿನ ಬೆಳಿಗ್ಗೆ ಎಂದಿನಂತೆ ಕಸಿ ಕೆಲಸಕ್ಕೆ ಬಂದ. ಭಾನುವಾರ ಹಾಡುವುದನ್ನು ನಿಲ್ಲಿಸಿದ. ನನ್ನ ತಮ್ಮ ಇದನ್ನು ದೊಡ್ಡ ವಿಷಯವೆಂದು ಹೇಳಲಿಲ್ಲ. ಕಾಳುಮೆಣಸಿನ ದರದ ಮಾತು, ಆನೆ ಕಾಟದ ಮಾತು ಮುಗಿದ ಮೇಲೆ, ಹೀಗೂ ಒಂದಾಯಿತು ಎಂಬಂತೆ ಹೇಳಿದ. ತನ್ನ ತೋಟದ ಲೈನ್‌ಮನೆಗೆ ಹೊರಗಿನವರು ನುಗ್ಗಿದ್ದು ಅವನಿಗೆ ಅವಮಾನವೆನ್ನಿಸಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಹಂದಿ ಹೊಡೆಯಲು ಅನುಮತಿಯಿಲ್ಲದೆ ಅವರು ತೋಟಕ್ಕೆ ಕಾಲಿಟ್ಟಿದ್ದರೆ ಅವನು ಸುಮ್ಮನಿರುತ್ತಿದ್ದನೇ?

ಇಂಥ ಹುಡುಗರಿಗೆ ಧೈರ್ಯ ಕೊಟ್ಟದ್ದು 2022ರ ಕಾಯ್ದೆ. ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಹೆಸರಿನ ಆ ಕಾಯ್ದೆಯ ಪ್ರಕಾರ, ಧರ್ಮ ಬದಲಿಸುವವನು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕಿತ್ತು, ಸಂಬಂಧಿಕರಷ್ಟೇ ಅಲ್ಲದೆ ಜೊತೆಯಲ್ಲಿ ಕೆಲಸ ಮಾಡುವವನೂ ದೂರು ಕೊಡಬಹುದಿತ್ತು, ಮತಾಂತರಗೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಮತಾಂತರಿಸಿದವರಿಗೆ 10 ವರ್ಷಗಳವರೆಗೆ ಶಿಕ್ಷೆಯಿತ್ತು. ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲ ಎಂದು ಅದರಲ್ಲಿ ಬರೆದಿತ್ತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು, ಆದರೆ ಲೈನ್‌ಮನೆಯ ಬಾಗಿಲಲ್ಲಿ ನಿಲ್ಲುವ ಹುಡುಗನಿಗೆ ಕಾನೂನು ಕಲಿಸಿದ ಅಧಿಕಾರ ಸುಲಭವಾಗಿ ಮರೆತುಹೋಗುವುದಿಲ್ಲ. ಲೆಸ್ಟರ್‌ನಲ್ಲಿ ಕೃಷ್ಣಭಕ್ತನಾಗಲು ಯಾವ ಅಧಿಕಾರಿಗೂ ಅರ್ಜಿ ಹಾಕಬೇಕಿಲ್ಲ.

ನಮ್ಮ ಇತಿಹಾಸ ಹೀಗಿರಲಿಲ್ಲ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ 1792ರಲ್ಲಿ ತನ್ನ ಹೊಸ ಪೇಟೆಯಾದ ವಿರಾಜಪೇಟೆಯಲ್ಲಿ ಜಾಗ ಕೊಟ್ಟು, ಚರ್ಚು ಕಟ್ಟಿಕೊಳ್ಳಲು ಅನುವು ಮಾಡಿದವನು ಕೊಡಗಿನ ಅರಸ ದೊಡ್ಡವೀರರಾಜೇಂದ್ರ. ಅದೇ ಕಾಲದಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕ್ಕರ ಪಾಡು ಏನಿತ್ತು? ಬಹಿರಂಗವಾಗಿ ಪೂಜೆ ನಡೆಸಲು ಅವರಿಗೆ ಕಾನೂನಿನ ಅನುಮತಿ ಸಿಕ್ಕಿದ್ದು 1791ರಲ್ಲಿ, ಸಂಸತ್ತಿನಲ್ಲಿ ಕೂರಲು ಅವಕಾಶ ಸಿಕ್ಕಿದ್ದು 1829ರಲ್ಲಿ. ನಿರಾಶ್ರಿತರಿಗೆ ನಮ್ಮ ಅರಸ ನೆಲ ಕೊಟ್ಟಾಗ, ಇಂದು ನಾನು ಹೊಗಳುತ್ತಿರುವ ದೇಶ ತನ್ನದೇ ಪ್ರಜೆಗಳಿಗೆ ಪೂರ್ತಿ ಮರ್ಯಾದೆ ಕೊಟ್ಟಿರಲಿಲ್ಲ. ಆಗ ಮುಂದಿದ್ದ ನಾವು ಈಗ ಹಿಂದೆ ಬಿದ್ದಿದ್ದೇವೆ ಎಂಬುದು ನನ್ನನ್ನು ನೋಯಿಸುತ್ತದೆ.

ಇಂಗ್ಲೆಂಡನ್ನು ನಾನು ಇಷ್ಟು ಮೇಲೇರಿಸಿದ್ದರಲ್ಲಿ ಊರಿನ ಮೇಲಿನ ಸಿಟ್ಟಿನ ಪಾಲೂ ಇದೆ ಎಂಬುದನ್ನು ಒಪ್ಪಬೇಕು. 2022ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇದೇ ಲೆಸ್ಟರ್‌ನ ಬೀದಿಗಳಲ್ಲಿ ಹಿಂದೂ ಮತ್ತು ಮುಸ್ಲಿಂ ಯುವಕರು ಮುಖ ಮುಚ್ಚಿಕೊಂಡು ಎದುರುಬದುರಾದರು. 2024ರ ಜುಲೈನಲ್ಲಿ ಸೌತ್‌ಪೋರ್ಟಿನ ಮಸೀದಿಗೆ ಕಲ್ಲು ಬಿತ್ತು. ಭಕ್ತಿವೇದಾಂತ ಮ್ಯಾನರ್‌ನ ಹಬ್ಬಗಳಿಗೆ ಬರುವ ವಾಹನಗಳ ಬಗ್ಗೆ ಸುತ್ತಲಿನ ಹಳ್ಳಿಯವರು ತಕರಾರು ತೆಗೆದು, ಅದು ವರ್ಷಗಟ್ಟಲೆ ನಡೆದಿತ್ತು. ಪ್ರಾರ್ಥಿಸುವವನನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ ಎಂಬ ಮಾತಿಗೂ ಅಪವಾದವಿದೆ. ಗರ್ಭಪಾತದ ಕ್ಲಿನಿಕ್ಕಿನ ಸುತ್ತ ನಿಷೇಧವಿದ್ದ ಜಾಗದಲ್ಲಿ ಮೌನವಾಗಿ ಪ್ರಾರ್ಥಿಸಿದ ಒಬ್ಬರನ್ನು 2024ರಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿತು. ಕೊರಳಲ್ಲಿ ಶಿಲುಬೆ ತೊಟ್ಟು ಕೆಲಸ ಮಾಡುವ ಹಕ್ಕಿಗಾಗಿ ವಿಮಾನ ಸಂಸ್ಥೆಯ ಮಹಿಳೆಯೊಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2013ರಲ್ಲಿ ಗೆಲ್ಲಬೇಕಾಯಿತು.

ಊರಿನವರ ಅಸಮಾಧಾನವೂ ಪೂರ್ತಿ ಆಧಾರವಿಲ್ಲದ್ದಲ್ಲ. ಹೊರಗಿನಿಂದ ಬರುವ ಕೆಲವು ಪಾಸ್ಟರುಗಳು ನಮ್ಮ ದೈವವಾದ ಗುಳಿಗನನ್ನೂ ಕುಲದ ಮೂಲಪುರುಷನಾದ ಕಾರೋಣನನ್ನೂ ದೆವ್ವ ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ. ಹಾಗೆ ನಂಬಿದ ಮಗ ಹಿರಿಯರಿಗೆ ಎಡೆ ಇಡುವುದಿಲ್ಲ ಎಂದಾಗ ತಾಯಿಯ ಹೊಟ್ಟೆಯಲ್ಲಿ ಏಳುವ ಸಂಕಟ ಸುಳ್ಳಲ್ಲ, ಅಂಥ ಮಾತಿನಿಂದ ಒಡೆದ ಮನೆಗಳೂ ಇವೆ. ವಿರಾಜಪೇಟೆಯ ಹಳೆಯ ಕ್ಯಾಥೊಲಿಕ್ ಕುಟುಂಬಗಳಿಗೇ ಈ ಪಾಸ್ಟರುಗಳ ಮಾತು ಹಿಡಿಸುವುದಿಲ್ಲ. ಉದ್ದೇಶಪೂರ್ವಕವಾಗಿ ಇನ್ನೊಬ್ಬರ ದೇವರನ್ನು ಅವಮಾನಿಸುವವನ ಮೇಲೆ ದೂರು ಕೊಡಲು ದಂಡ ಸಂಹಿತೆಯ 295ಎ ಕಲಂ ಬಹಳ ಹಿಂದಿನಿಂದ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 299ನೆಯ ಕಲಂ ಆಗಿದೆ. ನೊಂದವರು ಠಾಣೆಗೆ ಹೋಗಿ ಆ ಪಾಸ್ಟರನ ಹೆಸರು ಬರೆಸಲಿ, ನಾನೂ ಅವರ ಜೊತೆ ನಿಲ್ಲುತ್ತೇನೆ. ಅದಕ್ಕೆ ಅಸ್ಸಾಮಿನಿಂದ ಬಂದ ಕೂಲಿಯವನ ಹಾಡಿನ ಪುಸ್ತಕ ಹೊತ್ತೊಯ್ಯುವ ಅಗತ್ಯವಿಲ್ಲ. ಆ ಪುಸ್ತಕ ಇನ್ನೂ ಅವನ ಕೈ ಸೇರಿಲ್ಲ. ಹುಡುಗರ ಮನೆ ತನಗೆ ಗೊತ್ತು ಎನ್ನುವ ನನ್ನ ತಮ್ಮನಿಗೆ, ಹೋಗಿ ಕೇಳಿ ತಂದುಕೊಡು ಎಂದು ಈ ವಾರವೂ ಫೋನ್ ಮಾಡಿ ಹೇಳಿದ್ದೇನೆ.