ಕೋಟಿನ ಕೆಳಗೆ ಚಡ್ಡಿ

ಫ್ರಾನ್ಸಿನ ಲಿಯೋನ್‌ಗೆ ಬಂದು 11 ವರ್ಷವಾಯಿತು. ಇಲ್ಲಿ ಆಗಾಗ ಬೀದಿಯಲ್ಲೇ ಹಳೇ ಸಾಮಾನಿನ ಸಂತೆ ನಡೆಯುತ್ತದೆ, ಜನ ಅಟ್ಟ ಖಾಲಿ ಮಾಡಿ ಸಿಕ್ಕಿದ್ದನ್ನೆಲ್ಲ ತಂದು ಹರಡಿಕೊಂಡು ಕೂರುತ್ತಾರೆ. ಹೋದ ಸಲ 2 ಯೂರೋ ಕೊಟ್ಟು ಒಂದು ಫೋಟೋ ತಂದೆ. ಹಿಂದೆ ಪೆನ್ಸಿಲ್ಲಿನಲ್ಲಿ 1931 ಅಂತ ಬರೆದಿದೆ. ಹನ್ನೆರಡರ ಆಸುಪಾಸಿನ ಹುಡುಗ. ಕೋಟು, ಟೈ, ಬಿಳಿ ಗ್ಲೌಸು, ಎಡತೋಳಿಗೆ ಕುಚ್ಚು ಇಳಿಬಿಟ್ಟ ಬಿಳಿ ರೇಷ್ಮೆ ಪಟ್ಟಿ. ಕಣ್ಣು ಕೆಳಗಿಳಿಸಿದರೆ ಚಡ್ಡಿ! ಬಲಮಂಡಿಯ ಮೇಲೆ ಬಿದ್ದು ತರಚಿದ ಗಾಯದ ಹಕ್ಕಳೆ ಬೇರೆ.

ನನ್ನ ಹೆಂಡತಿ ನೋಡಿ, "ಪಾಪ, ಪ್ಯಾಂಟಿಗೆ ಬಟ್ಟೆ ಸಾಲಲಿಲ್ವೇನೋ" ಅಂದಳು. ನನಗೂ ಮೊದಲು ಅನಿಸಿದ್ದು ಅದೇ. ನಾವು ಬೆಳೆದದ್ದೇ ಹಾಗಲ್ವಾ? ಶಿವಮೊಗ್ಗದಲ್ಲಿ ನನಗೆ ಏಳನೇ ಕ್ಲಾಸಿನವರೆಗೆ ಚಡ್ಡಿ, ಎಂಟಕ್ಕೆ ಪ್ಯಾಂಟು. "ಕೆಳಗೆ ಮೂರಿಂಚು ಒಳಗೆ ಮಡಿಸಿ ಹೊಲೀರಿ, ಬೆಳೆಯೋ ಹುಡುಗ" ಅಂತ ಅಪ್ಪ ಟೈಲರಿಗೆ ಹೇಳಿದ್ದರು. ಮುಂದಿನ ವರ್ಷ ಅಮ್ಮ ಆ ಮಡಿಕೆ ಬಿಚ್ಚಿದರು. ಬಿಚ್ಚಿದ ಜಾಗ ಹೊಸ ಖಾಕಿ, ಮೇಲೆಲ್ಲ ಒಗೆದೊಗೆದು ಬಿಳುಚಿದ ಖಾಕಿ, ನಡುವೆ ಒಂದು ಗೆರೆ. ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗಲಿಲ್ಲ. ಇಡೀ ಕ್ಲಾಸಿಗೆ ಕಾಣುತ್ತಿತ್ತು.

ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನಲ್ಲಿ ಲೆಕ್ಕ ಉಲ್ಟಾ. ಆಗ ಶಾಲೆ ಕಡ್ಡಾಯ ಇದ್ದದ್ದು 13 ವರ್ಷದವರೆಗೆ, 1936ರಲ್ಲಿ ಅದನ್ನು 14ಕ್ಕೆ ಏರಿಸಿದರು. ಬಡವರ ಮನೆಯ ಹುಡುಗ ಶಾಲೆ ಮುಗಿಸಿ ಕಾರ್ಖಾನೆಗೋ ಹೊಲಕ್ಕೋ ಹೋದ, ಉದ್ದ ಪ್ಯಾಂಟು ಹಾಕಿದ. ದುಡಿಯುವವನಿಗೆ ಚಡ್ಡಿ ಯಾಕೆ? ಆದರೆ ಲಿಸೆಗೆ, ಅಂದರೆ ಇಲ್ಲಿನ ದೊಡ್ಡ ಶಾಲೆಗೆ, 1930ರ ದಶಕ ಬರುವವರೆಗೂ ಫೀಸು ಕಟ್ಟಬೇಕಿತ್ತು. ಅದನ್ನು ಕಟ್ಟಬಲ್ಲವರ ಮಗ 14-15ರಲ್ಲೂ ಕೋಟು ಟೈ ಏರಿಸಿ, ಕೆಳಗೆ ಚಡ್ಡಿ, ಉದ್ದ ಉಣ್ಣೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದ. ಬರಿಮಂಡಿ ಅಂದರೆ ಈ ಹುಡುಗ ಇನ್ನೂ ದುಡಿಯಬೇಕಾಗಿಲ್ಲ ಅಂತ ಊರಿಗೇ ಹೇಳಿದ ಹಾಗೆ.

ನಡುವೆ ಇನ್ನೊಂದು ಮೆಟ್ಟಿಲೂ ಇತ್ತು, ಗಾಲ್ಫ್ ಪ್ಯಾಂಟು. ಮಂಡಿಯ ಕೆಳಗೆ ಪಟ್ಟಿ ಬಿಗಿದು, ಮೇಲೆ ಬಟ್ಟೆ ಬುರುಬುರು ಜೋಲುಬಿಟ್ಟದ್ದು. ಚಡ್ಡಿಗೆ ದೊಡ್ಡವನು, ಪ್ಯಾಂಟಿಗೆ ಚಿಕ್ಕವನು ಅನ್ನುವಂಥವರಿಗೆ. ನನಗಂತೂ ಅದು ಚೂರೂ ಇಷ್ಟವಾಗಲಿಲ್ಲ.

ನಮ್ಮ ಕೆಳಗಿನ ಮನೆಯ ಅಜ್ಜನಿಗೆ 95 ದಾಟಿದೆ. ಫೋಟೋ ತೋರಿಸಿದೆ. ತೋಳಿನ ಪಟ್ಟಿ ನೋಡಿದ ತಕ್ಷಣ "ಕಮ್ಯೂನಿಯನ್" ಅಂದರು. ಆಗ ಇಲ್ಲಿನ ಕ್ಯಾಥೊಲಿಕ್ ಹುಡುಗರಿಗೆ ಹನ್ನೆರಡರ ಹೊತ್ತಿಗೆ ನಡೆಯುತ್ತಿದ್ದ ಶಾಸ್ತ್ರ, ನಮ್ಮ ಕಡೆ ಕೆಲವರ ಮನೆಯ ಮುಂಜಿ ಇದ್ದ ಹಾಗೆ ಅಂದುಕೊಳ್ಳಿ. ಪ್ಯಾರಿಸ್ಸಿನಲ್ಲಿ 1824ರಲ್ಲಿ ಶುರುವಾದ ಲಾ ಬೆಲ್ ಜಾರ್ದಿನಿಯೇರ್‌ನಂಥ ದೊಡ್ಡ ಅಂಗಡಿಗಳು ಇದಕ್ಕೆಂದೇ ಸಿದ್ಧ ಸೂಟು ಮಾರುತ್ತಿದ್ದವು. ಶಾಸ್ತ್ರ ಮುಗಿದ ಮೇಲೆ ಪಟ್ಟಿ ಬಿಚ್ಚಿಟ್ಟರೆ ಅದೇ ಭಾನುವಾರದ ಸೂಟು. ಶಾಲೆಗೆ ಹೋಗುವಾಗ ಏನೇ ಹಾಕಿದ್ದರೂ ಮೇಲೊಂದು ಕಪ್ಪು ನಿಲುವಂಗಿ. ಅದ್ದಿ ಬರೆಯುವ ಪೆನ್ನು, ನೇರಳೆ ಇಂಕು, ಚೆಲ್ಲದೆ ಇರುತ್ತದೆಯೇ?

"ಚಳಿ ಆಗ್ತಿರಲಿಲ್ವಾ?" ಅಂತ ಕೇಳಿದೆ. "ಆಗ್ತಿತ್ತು. ಜನವರಿಯಲ್ಲಿ ಮಂಡಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಚಳಿಗೆ ಹುಡುಗರು ಗಟ್ಟಿಯಾಗ್ತಾರೆ ಅಂತ ದೊಡ್ಡವರ ನಂಬಿಕೆ" ಅಂದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ನಾವು ಬಟ್ಟೆ ಉಳಿಸೋಕೆ ಚಡ್ಡಿ ಹೊಲಿಸಿದೆವು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಇವರು ಬಟ್ಟೆ ಇದ್ದೂ ಮಕ್ಕಳನ್ನು ಚಳಿಗೆ ಬಿಟ್ಟು, ಅದನ್ನೇ ಸಂಸ್ಕಾರ ಅಂದುಕೊಂಡರು. ಆದರೂ ಹುಡುಗನನ್ನು ಬೇಗ ದೊಡ್ಡವನು ಮಾಡದೆ ಇನ್ನೆರಡು ವರ್ಷ ಹುಡುಗನಾಗೇ ಇರಲು ಬಿಡುವುದಿದೆಯಲ್ಲ, ಅದಕ್ಕೆ ಮಾತ್ರ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಈ ಹುಡುಗನೂ ಸಿರಿವಂತರ ಮನೆಯವನೇ ಅಂದುಕೊಂಡಿದ್ದೆ. ಅಜ್ಜ ಭೂತಗನ್ನಡಿ ತಂದು ಫೋಟೋದ ಮೇಲೆ ಹಿಡಿದರು, ಕೋಟಿನ ತೋಳಿನ ತುದಿಗೆ ಬೆರಳಿಟ್ಟರು. ಬಗ್ಗಿ ನೋಡಿದೆ. ಮಣಿಕಟ್ಟಿನಿಂದ ಎರಡು ಬೆರಳು ಮೇಲೆ, ಮಡಿಕೆ ಬಿಚ್ಚಿ ಉದ್ದ ಮಾಡಿದ ಗೆರೆ.